ಡೊಳ್ಳು–ಡಾಲ್ಬಿ ಮೀಮಾಂಸೆ: ಬೈಲಹೊಂಗಲ ಉಪವಿಭಾಗವನ್ನು ಅನುಲಕ್ಷಿಸಿ ಒಂದು ತಾತ್ವಿಕ ಅನುಸಂಧಾನ

ಡೊಳ್ಳಿನ ಸ್ಪರ್ಧೆಗೆ ಮೈಕ್ ಬೇಕೇ ಬೇಡವೇ ಎಂಬುದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಲ್ಲಿ ಜಾತ್ರೆಯ ಜೊತೆಗೆ ಎದ್ದು ಜಾತ್ರೆಯ ಜೊತೆಗೆ ಮಲಗುವ ಪ್ರಶ್ನೆ. ವಿದ್ವತ್ ವಲಯದಲ್ಲಿ ಇದಕ್ಕೆ 'ವೈದ್ಯುತಿಕ ವರ್ಧನೆಯ ಯಾಜಮಾನ್ಯದೊಂದಿಗೆ ಚರ್ಮವಾದ್ಯ ಸಂಕಥನದ ಮುಖಾಮುಖಿ' ಎಂದು ಹೆಸರು. ಊರಲ್ಲಿ ದೊಡ್ಡ ಸ್ಪೀಕರ್ ಬಾಕ್ಸಿಗೆಲ್ಲ ಡಾಲ್ಬಿ ಎಂದೇ ಹೆಸರು; ಅಲ್ಲಿ 'ಡಾಲ್ಬಿ ಹಚ್ಚೂದೋ ಬ್ಯಾಡೋ' ಎನ್ನುತ್ತಾರೆ. ಎರಡೂ ಒಂದೇ ಪ್ರಶ್ನೆ. ಮೊದಲನೆಯ ರೀತಿಯಲ್ಲಿ ಕೇಳಿದರೆ ಪ್ರಯಾಣ ಭತ್ಯೆ ಸಿಗುತ್ತದೆ.

ಅಧ್ಯಯನದ ವ್ಯಾಪ್ತಿ ನಾಲ್ಕು ತಾಲ್ಲೂಕುಗಳಿಗೆ ಸೀಮಿತ. ಇವು ಬೈಲಹೊಂಗಲ ಉಪವಿಭಾಗದವಾದ್ದರಿಂದ ಇಲ್ಲಿಯ ಸದ್ದೂ ಅದೇ ಉಪವಿಭಾಗದ್ದೆಂದು ಭಾವಿಸಲಾಗಿದೆ. ಗಾಳಿ ಬೀಸಿದಾಗ ಸವದತ್ತಿಯ ಡಾಲ್ಬಿ ಧಾರವಾಡ ಜಿಲ್ಲೆಯಲ್ಲಿ ಕೇಳಿಸಿದರೆ ಅದು ಅಂತರಜಿಲ್ಲಾ ವಿಷಯವಾಗಿದ್ದು, ಪ್ರತ್ಯೇಕ ಸಂಕಿರಣಕ್ಕೆ ಅರ್ಹ.

ಪರಿಭಾಷೆಯಿಲ್ಲದೆ ಮೀಮಾಂಸೆಯಿಲ್ಲ. ಆದ್ದರಿಂದ ಡೊಳ್ಳನ್ನು 'ಉಭಯಮುಖಿ ಚರ್ಮಾವೃತ ದಾರುಗರ್ಭ ಘಾತವಾದ್ಯ' ಎಂದೂ, ಬಾರಿಸುವವನನ್ನು 'ಘಾತಕ' ಎಂದೂ ಕರೆಯತಕ್ಕದ್ದು. ಪೊಲೀಸ್ ಠಾಣೆಗೆ ಕೊಡುವ ಪರವಾನಗಿ ಅರ್ಜಿಯಲ್ಲಿ ಮಾತ್ರ ಎರಡನೆಯ ಪದ ಬಳಸದಿರುವುದು ಕ್ಷೇಮ. ಮೈಕ್ ಎಂಬುದು 'ಕಂಠೋಪಕಾರಕ'. ಮಿಕ್ಸರ್ ಮುಂದೆ ಕೂತು ಗುಂಡಿ ತಿರುವುವ ಹುಡುಗ 'ಅದೃಶ್ಯ ಸೂತ್ರಧಾರ'. ಅವನನ್ನು ಎಲ್ಲರೂ 'ಏ ಸೌಂಡ್‌ನಾಂವಾ' ಎಂದು ಕರೆಯುವುದರಿಂದ ಅದೃಶ್ಯತೆ ಪೂರ್ಣವಲ್ಲ.

ಈ ಮೀಮಾಂಸೆಯು ಸಕಲ ಸದ್ದನ್ನೂ ಏಳು ಪ್ರಭೇದಗಳಾಗಿ ವಿಂಗಡಿಸುತ್ತದೆ.

ಮೊದಲನೆಯದು ಸ್ವಯಂಭೂ ನಾದ. ಡೊಳ್ಳು, ಕರಡಿ, ಸಂಬಾಳ, ಹಲಗಿ, ಜಗ್ಗಲಗಿ ಇದರಲ್ಲಿ ಬರುತ್ತವೆ. ಇವಕ್ಕೆ ವೈರ್ ಇಲ್ಲ, ಜನರೇಟರ್ ಬೇಕಿಲ್ಲ. ಬೇಕಾದದ್ದು ಬಿಸಿಲು, ಇಲ್ಲವೇ ಬೆಂಕಿ. ಮಂಜು ಬಿದ್ದ ರಾತ್ರಿ ಡೊಳ್ಳಿನ ಚರ್ಮ ತೇವ ಹೀರಿ ಸಡಿಲಾಗುತ್ತದೆ, ಸದ್ದು 'ಢಂ' ಹೋಗಿ 'ದಬ್' ಆಗುತ್ತದೆ. ಆಗ ಮಂಟಪದ ಹಿಂದೆ ಕಣಕಿಯ ಸಿವುಡಿಗೆ ಬೆಂಕಿ ಹಚ್ಚಿ, ಡೊಳ್ಳನ್ನು ಉರಿಗೆ ಹಿಡಿದು, ಹಗ್ಗ ಜಗ್ಗಿ, ಬೆರಳಿನಿಂದ ತಟ್ಟಿ ನೋಡುತ್ತಾರೆ. ಹೆಚ್ಚು ಕಾಯ್ದರೆ ಚರ್ಮ ಸೀಳುತ್ತದೆ. ಕಡಿಮೆಯಾದರೆ ಮೂರನೆಯ ಹಾಡಿಗೇ ಮತ್ತೆ ಮೆತ್ತಗಾಗುತ್ತದೆ. ಈ ಹದ ಯಾವ ಗುಂಡಿಯಲ್ಲೂ ಇಲ್ಲ. ಬೀರದೇವರ ಗುಡಿಯ ಮುಂದೆ ಅಪ್ಪ ತಟ್ಟಿದ್ದನ್ನು ಮಗ ಕೇಳಿ ಕಲಿಯುತ್ತಾನೆ. ಸದ್ದು ದೊಡ್ಡದಾಗಬೇಕೆಂದು ಅನಿಸಿದಾಗ ಹಿಂದಿನವರು ವಾದ್ಯವನ್ನೇ ದೊಡ್ಡದು ಮಾಡಿದರು. ಪಕ್ಕದ ಧಾರವಾಡ ಸೀಮೆಯ ಜಗ್ಗಲಗಿಯೇ ಇದಕ್ಕೆ ಸಾಕ್ಷಿ: ಚಕ್ಕಡಿ ಗಾಲಿಯ ಹಳಿಗೆ ಚರ್ಮ ಬಿಗಿದ ಈ ವಾದ್ಯವನ್ನು ಹೋಳಿ ಹುಣ್ಣಿಮೆಗೆ ಬೀದಿಯಲ್ಲಿ ಉರುಳಿಸಿಕೊಂಡೇ ಬಾರಿಸುತ್ತಾರೆ. ಇದನ್ನು 'ಪ್ರಾಗ್ವೈದ್ಯುತ ವರ್ಧನೆ' ಎನ್ನಬಹುದು. ಎನ್ನದಿದ್ದರೂ ಜಗ್ಗಲಗಿಗೆ ಬಾಧೆಯಿಲ್ಲ.

ಎರಡನೆಯದು ಯಾಚಿತ ನಾದ, ಅಂದರೆ ಮೈಕಿನ ಸಹಾಯ ಕೇಳುವ ಮನುಷ್ಯನ ಕೊರಳು. ಇಲ್ಲಿ ಹಾಸ್ಯಕ್ಕೆ ಜಾಗ ಕಡಿಮೆ, ಏಕೆಂದರೆ ವಾದ ನಿಜವಾಗಿಯೂ ಗಟ್ಟಿಯಾಗಿದೆ. ಡೊಳ್ಳಿನ ಪದದಲ್ಲೂ ಗೀಗೀ ಪದದಲ್ಲೂ ಹರದೇಶಿ, ನಾಗೇಶಿ ಎಂದು ಎರಡು ಪಕ್ಷಗಳು. ಒಂದು ಗಂಡು ಹೆಚ್ಚೆಂದರೆ ಇನ್ನೊಂದು ಹೆಣ್ಣು ಹೆಚ್ಚೆನ್ನುತ್ತದೆ. ಒಂದು ಸವಾಲು ಹಾಕಿದರೆ ಇನ್ನೊಂದು ಪುರಾಣ ಹುಡುಕಿ ಜವಾಬು ಕೊಡುತ್ತದೆ. ಇದು ರಾತ್ರಿಯಿಡೀ ನಡೆಯುವ ವಾದ. ಮಾತು ತಿಳಿಯದಿದ್ದರೆ ಸ್ಪರ್ಧೆಯೇ ಇಲ್ಲ. ಮೈಕಿಲ್ಲದ ಕಾಲದಲ್ಲಿ ಮುಮ್ಮೇಳದವರು ಏರುಸ್ವರದಲ್ಲಿ ಎತ್ತಿದ ಸಾಲನ್ನು ಹಿಮ್ಮೇಳದವರು ತಿರುಗಿ ಹಾಡುತ್ತಿದ್ದರು. ಮೊದಲ ಸಲ ತಪ್ಪಿದ ಮಾತು ಹಿಂದೆ ಕೂತವನಿಗೆ ಎರಡನೆಯ ಸಲ ದಕ್ಕುತ್ತಿತ್ತು. ನುಡಿ ನಡೆದಾಗ ಡೊಳ್ಳು ತಗ್ಗುತ್ತದೆ, ನುಡಿ ಮುಗಿದಾಗ ಏರುತ್ತದೆ. ಕೊರಳು ಮತ್ತು ಚರ್ಮ ಮಾಡಿಕೊಂಡ ಒಪ್ಪಂದ ಇದು. ಇಂಥ ಕೊರಳಿಗೆ ಒಂದು ಮೈಕ್ ಕೊಟ್ಟರೆ ಪರಂಪರೆಯೇನೂ ಕೆಡುವುದಿಲ್ಲ. ಕೆಡುವುದು ಸೂತ್ರಧಾರನು ಎಕೋ ಏರಿಸಿದಾಗ. ಆಗ ನಾಗೇಶಿಯವರು ಕೇಳಿದ ಸವಾಲಿನ ಬಾಲ ಹರದೇಶಿಯವರ ಜವಾಬಿನ ತಲೆಗೆ ಸುತ್ತಿಕೊಂಡು, ಯಾರು ಗೆದ್ದರೆಂದು ದೇವರೂ ಹೇಳಲಾರ.

ರಾಮದುರ್ಗ ತಾಲ್ಲೂಕಿನ ಗೊಡಚಿ ವೀರಭದ್ರನ ಜಾತ್ರೆ ಈ ಪ್ರಭೇದಕ್ಕೆ ಒಂದು ಅಪವಾದ. ಪುರವಂತರು ಒಡಪು ಹೇಳುವಾಗ ಕೊರಳಿನ ನರ ಉಬ್ಬುತ್ತದೆ, ಒಡಪಿನ ತುದಿಗೆ ಸಂಬಾಳ ಬೀಳುತ್ತದೆ, ಸುತ್ತ ನಿಂತವರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಅಲ್ಲಿ ಮೈಕ್ ಹಿಡಿಯಲು ಹೋದವನ ಗತಿ ಏನಾದೀತೆಂಬುದು ಕ್ಷೇತ್ರಕಾರ್ಯಕ್ಕೆ ಬಿಟ್ಟ ವಿಷಯ. ಸವದತ್ತಿಯ ಯಲ್ಲಮ್ಮನಗುಡ್ಡದಲ್ಲಿ ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಸೇರುವ ಜನಸಾಗರದ ನಡುವೆ ಜೋಗತಿಯರು ಕಂಕುಳಲ್ಲಿ ಹಿಡಿದ ಚೌಡಿಕೆ ಒಂದೇ ತಂತಿಯದು. ಅದು ಹತ್ತು ಮಾರು ದೂರ ಕೇಳಿಸಿದರೆ ಹೆಚ್ಚು. ಕೇಳಬೇಕಾದವರು ಹತ್ತಿರ ಬಂದು ಕೂರುತ್ತಾರೆ. ಮೇಲಿನಿಂದ ಬರುವ 'ಉಧೋ ಉಧೋ'ಗೆ ಈವರೆಗೆ ಯಾರೂ ಆಂಪ್ಲಿಫೈಯರ್ ಕೇಳಿಲ್ಲ.

ಮೂರನೆಯದು ಪರಕಾಯ ನಾದ. ಅಂಗೈಯಗಲದ ರಬ್ಬರ್ ಪ್ಯಾಡಿನ ಮೇಲೆ ಕೋಲು ತಾಗಿಸಿದರೆ ಡೊಳ್ಳಿನ ಸದ್ದು ಬರುತ್ತದೆ, ಗುಂಡಿ ಒತ್ತಿದರೆ ಅದೇ ಪ್ಯಾಡ್ ಶಹನಾಯಿಯಾಗುತ್ತದೆ. ಇದಕ್ಕೆ ಬೆಂಕಿ ಬೇಡ, ಹಗ್ಗ ಬೇಡ, ಅಪ್ಪ ಬೇಡ.

ನಾಲ್ಕನೆಯದು ನಿರ್ವಾದಕ ನಾದ. ಬಾರಿಸುವವರೇ ಇಲ್ಲದ ಸದ್ದು: ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಮಾಳಿಗೆ ಎತ್ತರಕ್ಕೆ ಪೇರಿಸಿದ ಬೇಸ್ ಬಾಕ್ಸು, ಅದರ ಮುಂದೆ ಬಣ್ಣದ ಲೈಟು, ಹಿಂದೆ ಜನರೇಟರು.

ಐದು, ಆರು, ಏಳನೆಯ ಪ್ರಭೇದಗಳನ್ನು ಮುಖ್ಯವಾಗಿ ಪುಟಸಂಖ್ಯೆಯ ದೃಷ್ಟಿಯಿಂದ ಯೋಜಿಸಲಾಗಿತ್ತು. ಅವನ್ನು ಕೈಬಿಡಲಾಗಿದೆ. ನಾಲ್ಕನೆಯದು ಶುರುವಾದ ಮೇಲೆ ಉಳಿದ ಯಾವುದೂ ಕೇಳಿಸುವುದಿಲ್ಲ.

ಇನ್ನು ನಾಲ್ಕನೆಯ ಪ್ರಭೇದದ ಭೌತಶಾಸ್ತ್ರ. ಆಂಪ್ಲಿಫೈಯರಿನ ಶಕ್ತಿಯನ್ನು ಇಮ್ಮಡಿ ಮಾಡಿದರೆ ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಸದ್ದು ಎರಡರಷ್ಟೆನಿಸಬೇಕಾದರೆ ಶಕ್ತಿ ಸುಮಾರು ಹತ್ತರಷ್ಟಾಗಬೇಕು. ಪಕ್ಕದ ಓಣಿಯವರು ನಾಲ್ಕು ಬಾಕ್ಸು ತಂದರೆಂದು ಈ ಓಣಿಯವರು ಎಂಟು ತಂದರೆ, ಮುಂದಿನ ವರ್ಷ ಅವರು ಹದಿನಾರು ತಂದರೆ, ಬಾಡಿಗೆ ಇಮ್ಮಡಿಯಾಗುತ್ತ ಹೋಗುತ್ತದೆ. ಸದ್ದು ಆ ಲೆಕ್ಕಕ್ಕೆ ಬಗ್ಗುವುದಿಲ್ಲ. ಗೋಡೆಯ ಗಿಲಾವು ಮಾತ್ರ ಬಗ್ಗುತ್ತದೆ. ದಪ್ಪ ಸ್ವರಗಳು ಗೋಡೆಯನ್ನೂ ಎದೆಗೂಡನ್ನೂ ದಾಟಿ ಹೋಗುವುದರಿಂದ ಬಾಗಿಲು ಮುಚ್ಚಿಕೊಂಡ ಬಾಣಂತಿಗೆ, ಹಾಸಿಗೆ ಹಿಡಿದ ಮುದುಕನಿಗೆ ಅದರಿಂದ ಬಿಡುಗಡೆಯಿಲ್ಲ.

ಮೆರವಣಿಗೆಯಲ್ಲಿ ಡೊಳ್ಳಿನವರಿಗೆ ಇನ್ನೊಂದು ಕಷ್ಟವಿದೆ, ಅದನ್ನು ಯಾವ ಸಂಕಿರಣವೂ ಚರ್ಚಿಸಿದಂತಿಲ್ಲ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹಾಡಿನ ಸ್ಪೀಕರ್ ಮುಂದಿನ ಟ್ರೇಲರಿನಲ್ಲಿ, ತಂಡದ ಕೊನೆಯ ಸಾಲು 34 ಮೀಟರ್ ಹಿಂದೆ ಎಂದಿಟ್ಟುಕೊಂಡರೆ ಆ ಸಾಲಿಗೆ ತಾಳ ಮುಟ್ಟುವುದು ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾಗಿ. ಏರುಗತಿಯಲ್ಲಿ ಸೆಕೆಂಡಿಗೆ ಐದು ಪೆಟ್ಟು ಬೀಳುವಾಗ ಇದು ಸರಿಯಾಗಿ ಅರ್ಧ ಪೆಟ್ಟು. ಹಿಂದಿನವನು ಪಕ್ಕದವನ ಕೋಲು ನೋಡಬೇಕೋ, ಸ್ಪೀಕರ್ ಕೇಳಬೇಕೋ? ಕೋಲು ನೋಡಿದರೆ ಹಾಡು ತಪ್ಪುತ್ತದೆ, ಹಾಡು ಹಿಡಿದರೆ ಸಾಲು ಒಡೆಯುತ್ತದೆ. ನಿರ್ಣಾಯಕರು ಸ್ಪೀಕರ್ ಪಕ್ಕದ ಕುರ್ಚಿಯಲ್ಲಿ ಕೂತು 'ಲಯದಲ್ಲಿ ಶಿಸ್ತಿಲ್ಲ' ಎಂದು ಅಂಕ ಕಳೆಯುತ್ತಾರೆ. ನ್ಯಾಯವಾಗಿ ಬಹುಮಾನವನ್ನೂ ಶಿಕ್ಷೆಯನ್ನೂ ಮಿಕ್ಸರಿಗೇ ಕೊಡಬೇಕು.

ತೌಲನಿಕ ಅಧ್ಯಾಯವಿಲ್ಲದ ಪ್ರಬಂಧಕ್ಕೆ ಪದವಿ ಸಿಗದು. ಅಮೆರಿಕದಲ್ಲಿ ಡ್ರಮ್ ಕೋರ್ ಎಂಬ ಸ್ಪರ್ಧೆಯಿದೆ. ಹಿತ್ತಾಳೆಯ ಕಹಳೆ, ಡ್ರಮ್ಮು, ಬಾವುಟ ಹಿಡಿದ ಯುವಕ ಯುವತಿಯರು ಫುಟ್‌ಬಾಲ್ ಮೈದಾನದಲ್ಲಿ ಕವಾಯತು ಮಾಡುತ್ತ ನುಡಿಸುತ್ತಾರೆ. ಅದನ್ನು ನಡೆಸುವ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಸಂಸ್ಥೆ 2004ರಲ್ಲಿ ಮೈಕಿಗೂ 2009ರಲ್ಲಿ ಸಿಂಥಸೈಜರಿನಂಥ ವಿದ್ಯುನ್ಮಾನ ವಾದ್ಯಗಳಿಗೂ ಬಾಗಿಲು ತೆರೆಯಿತು. ಹಳೆಯ ಅಭಿಮಾನಿಗಳು ಹಾಡು ಕೆಟ್ಟಿತು, ದಪ್ಪ ಸದ್ದಿನಲ್ಲಿ ಕಹಳೆ ಮುಳುಗಿತು ಎಂದು ಇನ್ನೂ ಬೈಯುತ್ತಿದ್ದಾರೆ. ಅಲ್ಲಿಗೂ ಇಲ್ಲಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಅಲ್ಲಿ ನಿಯಮ ಬದಲಾಯಿಸಿ ಮೈಕ್ ತಂದರು; ಬೈದವರಿಗೆ ಬೈಯಲು ಒಂದು ನಿಯಮವಾದರೂ ಇತ್ತು. ಇಲ್ಲಿ ಸೌಂಡಿನವನ ಟ್ರೇಲರ್ ಯಾವ ಗಲ್ಲಿಯಲ್ಲಿ ಹಿಡಿಸುತ್ತದೆ ಎಂಬುದೇ ನಿಯಮ.

ನಿಯಮವೇ ಇಲ್ಲ ಎನ್ನುವಂತೆಯೂ ಇಲ್ಲ. ಕೇಂದ್ರ ಸರ್ಕಾರದ ಶಬ್ದಮಾಲಿನ್ಯ ನಿಯಮಗಳು 2000ರಿಂದ ಜಾರಿಯಲ್ಲಿವೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದು. ಹಬ್ಬ ಉತ್ಸವಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ರಾಜ್ಯ ಸರ್ಕಾರ ಮಧ್ಯರಾತ್ರಿಯವರೆಗೆ ಸಡಿಲಿಸಬಹುದು. 2010ರ ತಿದ್ದುಪಡಿಯಲ್ಲಿ ಧ್ವನಿವರ್ಧಕದ ಜೊತೆ ಸಂಗೀತ ವಾದ್ಯಗಳನ್ನೂ ಸೇರಿಸಿದರು. ಹೀಗಾಗಿ ರಾತ್ರಿಯಿಡೀ ಹರದೇಶಿ–ನಾಗೇಶಿ ವಾದ ಹಾಡುವವರು ಮೈಕ್ ಹಚ್ಚದಿದ್ದರೂ ಹತ್ತು ಗಂಟೆಯ ಮೇಲೆ ಕಾನೂನಿನ ಕಣ್ಣಿಗೆ ಡಾಲ್ಬಿಯ ಪಂಕ್ತಿಯವರೇ. ಆಚರಣೆಯಲ್ಲಿ ವ್ಯತ್ಯಾಸ ಕಾಣುತ್ತದೆ. 'ಮುಗಸ್ರಿ, ಹತ್ತಾತು' ಎಂದು ಹೇಳುವುದು ಜಮಖಾನೆಯ ಮೇಲೆ ಕೂತ ಹಾಡುಗಾರರಿಗೆ ಸುಲಭ. ಮುಖಂಡರ ಹುಟ್ಟುಹಬ್ಬದ ಟ್ರೇಲರಿಗೆ ಹೇಳುವುದು ಕಷ್ಟ. ಟ್ರೇಲರಿನ ಸದ್ದಿನಲ್ಲಿ ಹೇಳಿದ್ದು ಕೇಳಿಸುವುದಿಲ್ಲ ಎಂಬುದು ಇದಕ್ಕೆ ಇರುವ ಏಕೈಕ ವೈಜ್ಞಾನಿಕ ಕಾರಣ.

ವರ್ಧಿತ ನಾದಗಳಲ್ಲೆಲ್ಲ ಅತ್ಯಂತ ಅಪಾಯಕಾರಿಯಾದದ್ದನ್ನು ಕೊನೆಗೆ ಇಡಲಾಗಿದೆ: ಭಾಷಣ. ಜಾನಪದ ಉತ್ಸವದ ಕಾರ್ಯಕ್ರಮ ಪಟ್ಟಿಯಲ್ಲಿ ಡೊಳ್ಳಿನ ಮೇಳ ಸ್ವಾಗತಕ್ಕೆ ಬರುತ್ತದೆ. ಗಣ್ಯರು ಕಾರಿನಿಂದ ಇಳಿದು ವೇದಿಕೆ ಹತ್ತುವವರೆಗೆ ಬಾರಿಸಬೇಕು, ಹತ್ತಿದ ಕೂಡಲೇ ನಿಲ್ಲಿಸಬೇಕು. ಆಮೇಲೆ ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಆಶಯ, ಅಧ್ಯಕ್ಷೀಯ. ಜನಪದ ಕಲೆ ಅಳಿವಿನಂಚಿನಲ್ಲಿದೆ ಎಂದು ಮೈಕ್ ಹಿಡಿದವರು ಒಬ್ಬರಾದ ಮೇಲೊಬ್ಬರು ಹೇಳುವಾಗ ಆ ಕಲೆಯವರು ಮಂಟಪದ ಹಿಂದೆ ನೀರಿನ ಟ್ಯಾಂಕರಿನ ನೆರಳಲ್ಲಿ ಕೂತಿರುತ್ತಾರೆ. 'ದೇಸಿಯ ಅನನ್ಯತೆ' ಎಂಬ ಮಾತು ಮೂರನೆಯ ಸಲ ಬರುವ ಹೊತ್ತಿಗೆ ಬಿಸಿಲಿಳಿದು ಚರ್ಮ ಸಡಿಲಾಗಿರುತ್ತದೆ. ಕಡೆಗೆ ಕರೆ ಬರುತ್ತದೆ: ಐದು ನಿಮಿಷ, ಊಟದ ಹೊತ್ತಾಗಿದೆ. ಡೊಳ್ಳಿನವರು ಗೆಜ್ಜೆ ಕಟ್ಟಿಕೊಂಡು ವೇದಿಕೆಗೆ ಬಂದಾಗ ಕುರ್ಚಿಗಳು ಖಾಲಿ. ಗೌರವಧನದ ಚೆಕ್ಕಿಗಾಗಿ ಬ್ಯಾಂಕ್ ಪಾಸ್‌ಬುಕ್ಕಿನ ಝೆರಾಕ್ಸ್ ಮೂರು ಪ್ರತಿ ಕೊಟ್ಟು, ತಿಂಗಳುಗಟ್ಟಲೆ ಕಾಯಬೇಕು. ಸೌಂಡಿನವನಿಗೆ ಅಂದೇ ರೊಕ್ಕ. ಕೊಡದಿದ್ದರೆ ಅವನು ವೈರ್ ಕಿತ್ತುಕೊಂಡು ಹೋಗುತ್ತಾನೆ, ಭಾಷಣ ನಿಲ್ಲುತ್ತದೆ. ಡೊಳ್ಳಿನವನಿಗೆ ಕೀಳಲು ವೈರೇ ಇಲ್ಲ.

ಇದು ಪರಿಭಾಷೆಗೆ ಒಗ್ಗುವ ವಿಷಯವಲ್ಲ, ನಾಚಿಕೆಗೇಡು. ಡೊಳ್ಳನ್ನು ಸೋಲಿಸಿದ್ದು ಡಾಲ್ಬಿಯ ಡೆಸಿಬಲ್ ಅಲ್ಲ. ಒಂದು ರಾತ್ರಿಯ ಬಾಕ್ಸ್ ಬಾಡಿಗೆಗೆ ಚೌಕಾಶಿಯಿಲ್ಲದೆ ಪಟ್ಟಿ ಎತ್ತುವ ಊರು, ಹನ್ನೆರಡು ಜನರ ಮೇಳಕ್ಕೆ ಟೆಂಪೊ ಬಾಡಿಗೆ ಕೊಡುವಾಗ 'ನಮ್ಮೂರ ಹುಡುಗರೇ ಅಲ್ಲೇನ್ರಿ, ದೇವರ ಸೇವಾ' ಎನ್ನುತ್ತದೆ. ದೇವರ ಸೇವೆ ಡೊಳ್ಳಿನವನಿಗೆ ಮಾತ್ರ ಏಕೆ? ಹಗ್ಗ ಜಗ್ಗಿ ಬೆರಳು ಕಾಯಿಗಟ್ಟಿದವನ ಮಗ ಇಂದು ಟ್ರೇಲರಿನ ಮೇಲೆ ನಿಂತು ಗುಂಡಿ ತಿರುವುತ್ತಿದ್ದರೆ ತಪ್ಪು ಅವನದಲ್ಲ. ಅವನು ಲೆಕ್ಕ ಬಲ್ಲವನು.

ಡೆಸಿಬಲ್ ಇಲ್ಲದೆಯೂ ಹಾಡು ಊರೂರಿಗೆ ಮುಟ್ಟಿದ ಕಾಲವೊಂದಿತ್ತು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಬಿದ್ದದ್ದೂ, 1831ರ ಜನವರಿ 26ರಂದು ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದೂ ಈ ಸೀಮೆಗೆ ತಿಳಿದದ್ದು ಹಾಡಿನಿಂದ. ಬ್ರಿಟಿಷ್ ಅಧಿಕಾರಿ ಜೆ. ಎಫ್. ಫ್ಲೀಟ್ ಹತ್ತೊಂಬತ್ತನೆಯ ಶತಮಾನದಲ್ಲಿ ಕೂಡಿಸಿ ಅಚ್ಚು ಮಾಡಿಸಿದ ಕನ್ನಡ ಲಾವಣಿಗಳಲ್ಲಿ ರಾಯಣ್ಣನದೂ ಉಂಟು. ಆಗ ಈ ಸೀಮೆಗೆ ಸ್ಪೀಕರ್ ಬಂದಿರಲಿಲ್ಲ. ಹಾಡಿಗೆ ದಪ್ಪಿತ್ತು, ತುಂತುಣಿಯಿತ್ತು, ಕೇಳಲು ಕೂತ ಜನವಿತ್ತು.

ಆದ್ದರಿಂದ ನಿರ್ಣಯ ಹೀಗಿದೆ. ಹಾಡುವ ಕೊರಳಿಗೆ ಒಂದು ಮೈಕ್ ಇರಲಿ, ಎಕೋ ಬೇಡ. ಡೊಳ್ಳಿಗೆ ಮೈಕ್ ಬೇಡ. ಪ್ಯಾಡು, ಬಾಕ್ಸುಗಳಿಗೆ ಬೇಕಿದ್ದರೆ ಬೇರೆ ಸ್ಪರ್ಧೆ ಇಡಬಹುದು, ಊರ ಹೊರಗೆ. ನಿರ್ಣಾಯಕರ ಕುರ್ಚಿ ಸ್ಪೀಕರಿನಿಂದ ದೂರ, ಮೇಳದ ಎದುರಿಗಿರಲಿ. ಡೊಳ್ಳಿನ ಸ್ಪರ್ಧೆ ಬಿಸಿಲಿರುವಾಗಲೇ ನಡೆಯಲಿ, ಭಾಷಣಗಳು ಅದರ ನಂತರ, ಕೇಳುವವರು ಉಳಿದಿದ್ದರೆ. ಕಿತ್ತೂರು ಉತ್ಸವ ಪ್ರತಿ ವರ್ಷ ಅಕ್ಟೋಬರ್ 23ಕ್ಕೆ ಬರುತ್ತದೆ, ಗೊಡಚಿ ಜಾತ್ರೆ ಹೊಸ್ತಿಲ ಹುಣ್ಣಿಮೆಗೆ. ನಾಲ್ಕೂ ತಾಲ್ಲೂಕುಗಳ ಉತ್ಸವ ಸಮಿತಿಯವರು, ಜಾತ್ರಾ ಕಮಿಟಿಯವರು ಬೇರೇನೂ ಮಾಡದಿದ್ದರೂ ಇಷ್ಟು ಮಾಡಬೇಕು: ಸೌಂಡಿನವನಿಗೆ ರೊಕ್ಕ ಎಣಿಸುವ ಹೊತ್ತಿಗೇ, ಅದೇ ಮೇಜಿನ ಮೇಲೆ, ಡೊಳ್ಳಿನವರ ರೊಕ್ಕವನ್ನೂ ಎಣಿಸಿ ಕೊಡಿ.