ಸ್ಯಾಸ್ ಪ್ಯಾಕೇಜಿನ ಭೂಸ್ತರಗಳು: ಆಂಡರ್ಸನ್‌ಪೇಟೆಯಿಂದ ಒಂದು ಕಿರುಶೋಧ

ವೆಬ್ ಪುಟದ ಒಂದು ಬಟನ್ನಿಗೆ ನೀಲಿ ಬಳಿಯಲು ಎಷ್ಟು ಆಳ ಅಗೆಯಬೇಕು ಎಂಬ ಪ್ರಶ್ನೆಯನ್ನು ಪೂರ್ವಸೂರಿಗಳು ಉಪೇಕ್ಷಿಸಿದ್ದಾರೆ. ಮೂರು ಕಿಲೋಮೀಟರಿಗೂ ಕೆಳಗಿಳಿದ ಚಾಂಪಿಯನ್ ರೀಫ್ ಚಿನ್ನದ ಗಣಿಯ ಮಗ್ಗುಲಲ್ಲೇ ಇರುವ ಆಂಡರ್ಸನ್‌ಪೇಟೆಯವರಿಗೆ ಈ ವಿಷಯದಲ್ಲಿ ಜನ್ಮಸಿದ್ಧ ಅಧಿಕಾರವಿದೆ ಎಂದು ನಂಬಿ ಈ ಪ್ರಬಂಧಕ್ಕೆ ಕೈಹಾಕಿದ್ದೇನೆ.

ಬಟನ್ನಿನ ಬಣ್ಣ ನಿರ್ಧರಿಸುವ ಸಿಎಸ್ಎಸ್ ಬರೆಯಲು ಬಳಸುವ ಉಪಕರಣ ಸ್ಯಾಸ್; ಅದರ ಸ್ತರಗಳ ಕಾಲನಿರ್ಣಯದಲ್ಲಿ ವಿವಾದವಿಲ್ಲ. ತಳದಲ್ಲಿರುವುದು 2006ರ, ರೂಬಿ ಭಾಷೆಯ ಸ್ತರ. ಮೂಲಪುರುಷ ಹ್ಯಾಂಪ್ಟನ್ ಕ್ಯಾಟ್ಲಿನ್. ಅದರ ಮೇಲೆ ಸಿ++ನ ಲಿಬ್‌ಸ್ಯಾಸ್, ಅದರ ಮೇಲೆ 2018ರ ಡಾರ್ಟ್ ಸ್ಯಾಸ್. ರೂಬಿಗೆ 2019ರ ಮಾರ್ಚ್‌ನಲ್ಲಿ ಎಳ್ಳುನೀರು ಬಿಟ್ಟರು. ಲಿಬ್‌ಸ್ಯಾಸ್‌ಗೆ 2020ರಲ್ಲಿ ನಿವೃತ್ತಿ ಸಾರಿದರು. ಒಳಗಿನ ಎಂಜಿನ್ ಹೀಗೆ ಬದಲಾಗುತ್ತ ಹೋದರೂ ಬೋರ್ಡಿನ ಮೇಲೆ ಸ್ಯಾಸ್ ಎಂದೇ ಇದೆ. ಜಾನ್ ಟೇಲರ್ ಕಂಪನಿ, 1956ರಲ್ಲಿ ಸರ್ಕಾರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂದು ಯಜಮಾನರು ಬದಲಾದರೂ ಅದೇ ಶಾಫ್ಟಿನಲ್ಲಿ ಇಳಿದವರ ಊರಿಗೆ ಇದರಲ್ಲಿ ಅಚ್ಚರಿಯೇನಿಲ್ಲ.

ಅತ್ಯಂತ ಅಪಾಯಕಾರಿ ಸ್ತರ ಲಿಬ್‌ಸ್ಯಾಸನ್ನು ಹೊತ್ತ ನೋಡ್-ಸ್ಯಾಸ್. ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಗೆ ಹೊರಟ ಯುವಕನೊಬ್ಬ ಬಂಗಾರಪೇಟೆ ಬಿಟ್ಟಾಗ ಇನ್‌ಸ್ಟಾಲ್ ಒತ್ತಿದನೆನ್ನಿ. ಅವನ ನೋಡ್ ಆವೃತ್ತಿ ಹೊಸತು, ಹೊಂದುವ ಬೈನರಿ ಇಲ್ಲ. ನೋಡ್-ಸ್ಯಾಸ್ ಅದನ್ನು ಕಟ್ಟಿಕೊಡಲು ನೋಡ್-ಜಿಪ್ಪನ್ನು ಕರೆಯಿತು. ಜಿಪ್ ಪೈಥಾನ್ 2 ಕೇಳಿತು. ಅದನ್ನೂ ಒದಗಿಸಿದರೆ ಸಿ++ ಕಂಪೈಲರ್ ಎಲ್ಲಿ ಎಂದಿತು. ಟೇಕಲ್ ಹೋಯಿತು, ಮಾಲೂರು ಹೋಯಿತು. ವೈಟ್‌ಫೀಲ್ಡಿನಲ್ಲಿ ಪರದೆ ತುಂಬ ಕೆಂಪಕ್ಷರ. ಬಟನ್ ಮಾತ್ರ ಬಿಳಿಯೇ.

ಪೂರ್ವಪಕ್ಷ: ಡಾರ್ಟ್ ಬಂದ ಮೇಲೆ ಅವಲಂಬನೆಗಳು ಬೆರಳೆಣಿಕೆಗೆ ಇಳಿದಿವೆಯಲ್ಲ? ನಿಜ. ಆದರೆ 2024ರಿಂದ ಇಂಪೋರ್ಟ್ ಎಂದು ಬರೆದರೆ ಸಾಕು, ಎಚ್ಚರಿಕೆಗಳ ಸುರಿಮಳೆ.

ಸಿದ್ಧಾಂತ: ಅವಲಂಬನೆಯ ಶಾಸ್ತ್ರ ಹುಟ್ಟಿದ್ದು ನಮ್ಮ ಈ ಗಣಿಯೂರಿನಲ್ಲಿಯೇ. ಚಿನ್ನಕ್ಕೆ ಕರೆಂಟು ಬೇಕಾಯಿತು, 1902ರಲ್ಲಿ ಶಿವನಸಮುದ್ರದಿಂದ ಬಂತು; ನೀರು ಬೇಕಾಯಿತು, ಬೇತಮಂಗಲದಿಂದ ಬಂತು. ಮೂಲ ಪ್ಯಾಕೇಜನ್ನು ಕಿತ್ತರೆ ಅದರ ಬಾಲಂಗೋಚಿಗಳೂ ತೊಲಗಬೇಕೆಂಬುದು ಪ್ಯಾಕೇಜುಗಳನ್ನು ಇನ್‌ಸ್ಟಾಲ್ ಮಾಡುವ ಎನ್‌ಪಿಎಂನ ನಿಯಮ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿ ಚಿನ್ನವನ್ನು ಅನ್‌ಇನ್‌ಸ್ಟಾಲ್ ಮಾಡಿದರು; ಆಂಡರ್ಸನ್‌ಪೇಟೆ, ರಾಬರ್ಟ್‌ಸನ್‌ಪೇಟೆ, ರೈಲು, ಗಣಿತ್ಯಾಜ್ಯದ ಸೈನೈಡ್ ಗುಡ್ಡ ಎಲ್ಲವೂ ಜಾಗ ಬಿಟ್ಟು ಕದಲಲಿಲ್ಲ. ಎನ್‌ಪಿಎಂ ಕರ್ತೃಗಳು ಇದಕ್ಕೆ ಉತ್ತರಿಸಬೇಕು.

ಆ ಗುಡ್ಡದ ಮಣ್ಣಿನಲ್ಲಿ ಇನ್ನೂ ಚಿನ್ನ ಉಳಿದಿದೆ, ಮುಟ್ಟಬೇಡಿ ಎನ್ನುವವರಿದ್ದಾರೆ. ಇದೇ ತರ್ಕದ ಬಲದಿಂದ ಹಳೆಯ ನೋಡ್ ಮಾಡ್ಯೂಲ್ಸ್ ಫೋಲ್ಡರುಗಳನ್ನು ಅಳಿಸದೆ ಕಾಪಾಡುತ್ತಿರುವ ಇಂಜಿನಿಯರುಗಳನ್ನೂ ನಾನು ಬಲ್ಲೆ.