ಬರಿಗಾಲ್ಬೂಟು ಲಕ್ಷಣಮೀಮಾಂಸೆ

ಗ್ರಂಥಾರಂಭದಲ್ಲಿ ವಿಘ್ನನಿವಾರಕನನ್ನು ನೆನೆಯುವುದು ವಾಡಿಕೆ. ಮುಂಬೈ ಪ್ರಭಾದೇವಿಯ ಸಿದ್ಧಿವಿನಾಯಕನಿಗೆ ನಮಸ್ಕಾರ. ಸೋಮವಾರ ರಾತ್ರಿಯೇ ಉಪನಗರಗಳಿಂದ ಬರಿಗಾಲಲ್ಲಿ ಹೊರಟು ಮಂಗಳವಾರದ ನಸುಕಿನ ಆರತಿಗೆ ಅವನ ಬಾಗಿಲು ಮುಟ್ಟುವ ಭಕ್ತರಿಗೂ ನಮಸ್ಕಾರ. ಅವರು ಕಾಸು ಬಿಚ್ಚದೆ ಮಾಡುವುದನ್ನು ನಾನು 6,400 ರೂಪಾಯಿ ಕೊಟ್ಟು ಮಾಡಿದೆ. ಆ ಸಂಕಟದಲ್ಲಿ ಹುಟ್ಟಿದ್ದು ಈ ಪ್ರಬಂಧ.

ಬರಿಗಾಲಿನ ಬೂಟು ಎಂಬುದು ಉಪವಾಸದ ಊಟ ಎಂದಂತೆ. (ಏಕಾದಶಿಯ ಫಲಾಹಾರದ ಎಲೆ ಕಂಡವರಿಗೆ ಇದರಲ್ಲಿ ವಿರೋಧಾಭಾಸ ಕಾಣದು.) ಕಾಲಿಗೆ ಹಾಕುವುದಕ್ಕೆ ಕನ್ನಡದಲ್ಲಿ ಕೆರ, ಎಕ್ಕಡ, ಮೆಟ್ಟು, ಜೋಡು, ಕಾಲ್ಮರಿ, ಪಾಪಾಸು ಎಂದೆಲ್ಲ ಶಬ್ದಗಳಿವೆ, ಹಾಕಿಯೂ ಹಾಕದಂತಿರುವುದಕ್ಕೆ ಒಂದೂ ಇಲ್ಲ. ಹಾಗಾಗಿ ಲಕ್ಷಣದಿಂದಲೇ ಶುರು. ತಳ ತೆಳ್ಳಗಿರಬೇಕು, ಹಿಮ್ಮಡಿ, ಮುಂಗಾಲು ಒಂದೇ ಮಟ್ಟದಲ್ಲಿರಬೇಕು, ಬೆರಳು ಅಗಲಿಸಲು ಮುಂದೆ ಜಾಗವಿರಬೇಕು, ಇಡೀ ಪದಾರ್ಥವನ್ನು ಚಪಾತಿಯಂತೆ ಸುತ್ತಲು ಬರಬೇಕು. ಕೂಡಲೇ ಅತಿವ್ಯಾಪ್ತಿ ದೋಷ! ಮುಲುಂದಿನ ನಮ್ಮ ಸೊಸೈಟಿಯ ಪಂಪಿನ ಕೋಣೆಯ ಹೊರಗೆ, ಯಾರದೆಂದು ಯಾರೂ ಅರಿಯದ ಒಂದು ಸವೆದ ಹವಾಯಿ ಚಪ್ಪಲಿ ವರ್ಷಗಳಿಂದ ಬಿದ್ದಿದೆ. ಲಕ್ಷಣ ಅದಕ್ಕೂ ಪೂರ್ತಿ ಹೊಂದುತ್ತದೆ. ಆದ್ದರಿಂದ ‘ಮನೆಯಲ್ಲಿ ಬೆಲೆಯನ್ನು ಅರ್ಧಕ್ಕಿಳಿಸಿ ಹೇಳಬೇಕಾದ’ ಎಂಬ ವಿಶೇಷಣ ಸೇರಿಸಿ ದೋಷ ಕಳೆಯತಕ್ಕದ್ದು.

ಪೂರ್ವಪಕ್ಷಿ ನನ್ನ ಸೋದರಳಿಯ. ಪವಾಯಿಯಲ್ಲಿ ಕಂಪ್ಯೂಟರ್ ಕೆಲಸ. “ಮಾಮ, ಪಾದದಲ್ಲಿ 26 ಎಲುಬುಗಳಿವೆ. ದಪ್ಪ ಬೂಟು ಹಾಕಿ ಎಲ್ಲವನ್ನೂ ಮಲಗಿಸಿಬಿಟ್ಟಿದ್ದೀರಿ” ಎಂದ. ಹಾರ್ವರ್ಡಿನ ಡೇನಿಯಲ್ ಲೀಬರ್ಮನ್ 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದನ್ನು ಉದ್ಧರಿಸಿದ: ಬರಿಗಾಲಲ್ಲಿ ಓಡಿ ರೂಢಿಯಾದವರು ಹೆಚ್ಚಾಗಿ ಮುಂಗಾಲನ್ನು ಮೊದಲು ಊರುತ್ತಾರೆ, ನೆಲದ ಪೆಟ್ಟು ಕಡಿಮೆ. ಅದು ಓಡುವವರ ಮಾತಾಯಿತು. ಮುಲುಂದಿನಿಂದ ದಾದರಿಗೆ ನಾನು ಓಡುವುದಿಲ್ಲ, ಒಯ್ಯಲ್ಪಡುತ್ತೇನೆ. ಐದು ಬೆರಳಿನ ಬೂಟು ಮಾಡುವ ವೈಬ್ರಾಂ ಕಂಪನಿ, ಪಾದ ಗಟ್ಟಿಯಾಗುತ್ತದೆಂಬ ಜಾಹೀರಾತಿನ ಮೇಲೆ ಅಮೆರಿಕದಲ್ಲಿ ಬಿದ್ದ ದಾವೆಯನ್ನು 2014ರಲ್ಲಿ, ತಪ್ಪೊಪ್ಪದೆಯೇ, 37.5 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತಲ್ಲ ಎಂದು ಕೇಳಿದೆ. “ಅದು ಬೇರೆ ಬ್ರ್ಯಾಂಡು ಮಾಮ.” ಇಂಥ ಉತ್ತರಕ್ಕೆ ನ್ಯಾಯಶಾಸ್ತ್ರದಲ್ಲಿ ಮದ್ದಿಲ್ಲ.

ಇನ್ನು ಗಣಿತ. ಮುಂಬೈ ಲೋಕಲ್ಲಿನ ನೂಕುನುಗ್ಗಲಿಗೆ ರೈಲ್ವೆಯವರೇ ಇಟ್ಟ ಹೆಸರು ‘ಸೂಪರ್ ಡೆನ್ಸ್ ಕ್ರಶ್ ಲೋಡ್’. ಅರ್ಥಾತ್ ಒಂದು ಚದರ ಮೀಟರಿನಲ್ಲಿ ನಿಂತವರು 14ರಿಂದ 16 ಮಂದಿ. ಹದಿನಾರು ಮಂದಿಗೆ 32 ಪಾದ. ನನ್ನ ಬರಿಗಾಲ್ಬೂಟು, ಬೆರಳ ಜಾಗವೂ ಸೇರಿ, 28 ಸೆಂಟಿಮೀಟರ್ ಉದ್ದ, 11 ಅಗಲ. ಎಲ್ಲರೂ ಇದನ್ನೇ ಹಾಕಿದರೆ 9,856 ಚದರ ಸೆಂಟಿಮೀಟರ್ ಭರ್ತಿ. ಮಿಕ್ಕದ್ದು 144, ಒಂದು ತಿಂಡಿ ತಟ್ಟೆಯಷ್ಟು. ಬೆರಳು ಅಗಲಿಸುವ ಸಿದ್ಧಾಂತವನ್ನು ಘಾಟ್ಕೋಪರ್ ದಾಟಿದ ಮೇಲೆ ಯಾರೂ ಮಂಡಿಸಬಾರದು.

ಪ್ರತ್ಯಕ್ಷ ಪ್ರಮಾಣವೋ, ಧಾರಾಳ. ನಾಲ್ಕು ಮಿಲಿಮೀಟರ್ ತಳದ ಮೂಲಕ ಕಣ್ಮುಚ್ಚಿ ಗುರುತಿಸಬಲ್ಲೆ: ಮೇಲೆದ್ದ ಪೇವರ್ ಬ್ಲಾಕಿನ ಅಂಚು, ಸೋಡಾ ಬಾಟಲಿಯ ಬಿರಡೆ, ನೆಂದ ವಡಾಪಾವು. ಜುಲೈನಲ್ಲಿ ಮೊಣಕಾಲುದ್ದ ನೀರು ನಿಂತಾಗ ಈ ಜ್ಞಾನವೂ ಮುಳುಗುತ್ತದೆ. ಮಳೆನೀರಿನಲ್ಲಿ ನಡೆದವರು ಇಲಿಜ್ವರದ ಮಾತ್ರೆಗೆ ವೈದ್ಯರನ್ನು ಕಾಣಬೇಕೆಂದು ಪಾಲಿಕೆ ಸಾರುತ್ತಲೇ ಇರುತ್ತದೆ. ಜಾಳಿಗೆ ಬಟ್ಟೆಯ ನನ್ನ ಬೂಟು ಆ ನೀರನ್ನು ತೀರ್ಥದಂತೆ ಒಳಗೆ ಬಿಟ್ಟುಕೊಂಡಿತು.

ಒಂದು ಪ್ರಯೋಜನವನ್ನು ಮಾತ್ರ ಒಪ್ಪಲೇಬೇಕು. ಬರಿಗಾಲಲ್ಲೇ ತಿರುಗುತ್ತಿದ್ದ ಚಿತ್ರಕಾರ ಎಂ.ಎಫ್. ಹುಸೇನರನ್ನು 1988ರಲ್ಲಿ ಇದೇ ಊರಿನ ವಿಲ್ಲಿಂಗ್ಡನ್ ಕ್ಲಬ್ಬು ಒಳಗೆ ಬಿಡಲಿಲ್ಲ. ನನ್ನನ್ನು ಮಾಲಿನ ಕಾವಲುಗಾರ ಸಲಾಮು ಹೊಡೆದು ಬಿಡುತ್ತಾನೆ.

ಉಳಿದದ್ದು ಶಬ್ದಪ್ರಮಾಣ. ಅದಕ್ಕಾಗಿ ಭಾನುವಾರ ಬೊರಿವಲಿಯ ಕಾಡಿನೊಳಗಿನ ಕಾನ್ಹೇರಿ ಗುಹೆಗಳಿಗೆ ಹತ್ತಿದೆ. ಪಾಚಿಗಟ್ಟಿದ ಕರಿಗಲ್ಲಿನ ಮೆಟ್ಟಿಲ ಮೇಲೆ ಎರಡು ಸಲ ಜಾರಿ, ಭಿಕ್ಷುಗಳು ಮಲಗುತ್ತಿದ್ದ ಕಲ್ಲು ಜಗುಲಿಯ ಮೇಲೆ ಕೂತಾಗ ಅವರ ನಿಯಮಗ್ರಂಥ ವಿನಯಪಿಟಕ ನೆನಪಾಯಿತು. ಅದರಲ್ಲಿ ಚಂಪಾ ನಗರದ ಶ್ರೀಮಂತರ ಮಗ ಸೋಣ ಕೋಳಿವೀಸನ ಕಥೆಯಿದೆ. ಅಂಗಾಲಲ್ಲಿ ರೋಮ ಬೆಳೆಯುವಷ್ಟು ಸುಕುಮಾರ. ಭಿಕ್ಷುವಾಗಿ ರಕ್ತ ಸೋರುವವರೆಗೆ ನಡೆದ. ಬುದ್ಧ ಅವನಿಗೆ ಒಂದೇ ಪದರದ ಪಾದರಕ್ಷೆ ತೊಡಲು ಹೇಳಿದ. ಎಲ್ಲ ಭಿಕ್ಷುಗಳಿಗೂ ಕೊಟ್ಟರೆ ಮಾತ್ರ ತೊಡುತ್ತೇನೆಂದ ಸೋಣ. ಹಾಗೆ ಸಂಘಕ್ಕೆ ಬಂದದ್ದು ‘ಏಕಪಲಾಸಿಕ’. ಎರಡು, ಮೂರು ಪದರ ನಿಷಿದ್ಧ. ಪೂರ್ವಪಕ್ಷಿ ಗೆದ್ದನೆಂದೇ ತಿಳಿದೆ. ಆದರೆ ಅದೇ ಪ್ರಕರಣದ ಕೊನೆಗೆ ಅವಂತಿ ದಕ್ಷಿಣಾಪಥದಿಂದ ಭಿಕ್ಷು ಮಹಾಕಚ್ಚಾನನ ಅರ್ಜಿ ಬರುತ್ತದೆ: ನಮ್ಮ ಕಡೆಯ ನೆಲ ಕಪ್ಪು, ಒರಟು, ದನಗಳ ಗೊರಸಿನಿಂದ ಹಳ್ಳತಿಟ್ಟು. ಅಂಥ ಗಡಿನಾಡುಗಳಿಗೆ ಬುದ್ಧ ಹಲವು ಪದರದ ‘ಗಣಂಗಣೂಪಾಹನ’ಕ್ಕೆ ಅಪ್ಪಣೆ ಕೊಟ್ಟ. ನಮ್ಮ ಮುಲುಂದಿನ ಎಲ್.ಬಿ.ಎಸ್. ರಸ್ತೆಯನ್ನು ಮಹಾಕಚ್ಚಾನ ಕಂಡಿದ್ದರೆ ದನಗಳ ಮೇಲೆ ಆರೋಪ ಹೊರಿಸುತ್ತಿರಲಿಲ್ಲ.

ಸಿದ್ಧಾಂತ ನಿರ್ಣಯವಾದದ್ದು ಕುರ್ಲಾದಲ್ಲಿ. ಮೊಳೆಯೊಂದು ಎಡತಳವನ್ನು ಸೀಳಿ ಬೆರಳಿನವರೆಗೂ ಜ್ಞಾನ ಕೊಟ್ಟಿತ್ತು. ಸ್ಟೇಶನ್ನಿನ ಹೊರಗೆ ಕೂರುವ ಮೋಚಿ ಅಥಣಿಯ ಕಡೆಯವರು. ಬೂಟನ್ನು ಸುತ್ತಿ, ಬಿಚ್ಚಿ, ಬೆಳಕಿಗೆ ಹಿಡಿದರು. “ಇದರಾಗ ತಳಾ ಎಲ್ಲೈತ್ರಿ ಸಾಹೇಬ್ರ?” ಅವರ ಊರಿನ ಜೋಡು, ಮೊಳೆ ಮುಟ್ಟಿಸದೆ ಚರ್ಮದ ದಾರದಲ್ಲೇ ಹೊಲಿದ ಕೊಲ್ಹಾಪುರಿ, ಮಳೆಗಾಲ ಕಳೆಯಲೆಂದು ವರ್ತಮಾನ ಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿತ್ತು, ಕಾಲಲ್ಲಿ ಪ್ಲಾಸ್ಟಿಕ್ ಚಪ್ಪಲಿ. ಕೊಲ್ಹಾಪುರಿ ಜೋಡಿಗೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಬಂದದ್ದು ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಒಟ್ಟಾಗಿ. 2025ರಲ್ಲಿ ಅದರದೇ ತದ್ರೂಪವನ್ನು ಫ್ಯಾಶನ್ ಕಂಪನಿ ಪ್ರಾಡಾದವರು ಮಿಲಾನಿನ ವೇದಿಕೆಗೆ ಹತ್ತಿಸಿದ್ದರು ಎಂದು ವಿವರಿಸಿದೆ. ಅವರು ರಂಪಿಗೆ ಮಸೆಯುತ್ತಲೇ, “ಅಲ್ಲಿ ಮಳಿ ಆಗತೈತೇನ್ರಿ?” ಎಂದರು.

ಹಳೆ ಟೈರಿನ ರಬ್ಬರನ್ನು ಪಾದದಳತೆಗೆ ಕೊಯ್ದು, ಅಂಟು ಬಳಿದು, ಸುತ್ತ ಹೊಲಿಗೆ ಹಾಕಿದರು. 120 ರೂಪಾಯಿ. “ಬಲಗಾಲಿಗೂ ಹಚ್ಚಲೇನ್ರಿ?” ಪ್ರಬಂಧ ಮುಗಿಯಲಿ ಎಂದೆ. ಎಡಗಾಲು ದಕ್ಷಿಣಾಪಥದಲ್ಲಿ, ಬಲಗಾಲು ಇನ್ನೂ ಸೋಣನ ಚಂಪಾದಲ್ಲಿ, ಹೀಗೆ ಅರ್ಧ ಇಂಚು ವಾಲಿಕೊಂಡು 6.40ರ ಲೋಕಲ್ ಹತ್ತಿದೆ.