ಜಿಡ್ಡಿನ ಲೆಕ್ಕ

ನಮ್ಮಕ್ಕನ ಮಗಳು ಭಾನುವಾರ ಊಟಕ್ಕೆ ಬಂದರೆ ಹೋಳಿಗೆ ಬಡಿಸುವ ಹೊತ್ತಿಗೆ ಸರಿಯಾಗಿ ಎದ್ದುಬಿಡುತ್ತಾಳೆ. "ಮಾವ, ನಾಲ್ಕಕ್ಕೆ ಒಡೀತವೆ, ಹೊರಟೆ." ಒಡೆಯುವುದು ಹಾಲಲ್ಲ, ಕೆಂಪು ರಕ್ತಕಣ. ಅದರೊಳಗೆ ಅವಳು ಸಾಕಿಕೊಂಡ ಮಲೇರಿಯಾ ಪರಾವಲಂಬಿ 48 ಗಂಟೆಯಲ್ಲಿ ಒಂದಿದ್ದದ್ದು 16ವೋ 20ವೋ ಆಗಿ ಹೊರಬೀಳುತ್ತದೆ. ಸಾರ್ಬಿಟಾಲ್ ದ್ರಾವಣದಲ್ಲಿ ಬಲಿತವನ್ನು ಕೊಂದು, ಎಳೆಯವನ್ನಷ್ಟೇ ಉಳಿಸಿ, ಎಲ್ಲವನ್ನೂ ಒಂದೇ ಓರಗೆಗೆ ತಂದಿಟ್ಟಿರುವುದರಿಂದ ಮುಹೂರ್ತ ತಪ್ಪುವುದಿಲ್ಲ. ನಮ್ಮ ಹೋಳಿಗೆಯದೇ ತಪ್ಪುತ್ತದೆ.

ಅವಳ ಪಿಎಚ್.ಡಿ. ವಿಷಯ ಈ ಪರಾವಲಂಬಿಯ ಲಿಪಿಡ್ ಚಯಾಪಚಯ. ನನ್ನ ಹೆಂಡತಿ ಅದನ್ನು "ಹುಳದ ಕೊಬ್ಬು" ಎಂದು ಸುಲಭ ಮಾಡಿದ್ದಾಳೆ. ಕೇಳಿದ ನೆಂಟರೊಬ್ಬರು ಹೊಟ್ಟೆ ಸವರಿಕೊಂಡು, "ಇದಕ್ಕೂ ಏನಾದರೂ ಇದೆಯಾ?" ಅಂದರು.

ಇದು ಹೊಟ್ಟೆಯ ಕೊಬ್ಬಲ್ಲ. ಒಂದು ಇಪ್ಪತ್ತಾಗಬೇಕಾದರೆ ಇಪ್ಪತ್ತಕ್ಕೂ ಪೊರೆ ಬೇಕು. ಪೊರೆಗೆ ಜಿಡ್ಡು ಬೇಕು. ಹಬ್ಬಕ್ಕೆ ಇಪ್ಪತ್ತು ಮಕ್ಕಳಿಗೆ ಅಂಗಿ ಹೊಲಿಸುವ ಅಪ್ಪನ ಪಾಡು. ಬಟ್ಟೆಯನ್ನು ಬಹುಪಾಲು ನಮ್ಮ ರಕ್ತದಿಂದಲೇ ಎಗರಿಸುತ್ತದೆ. ಹಾಗಂತ ಮನೆಯಲ್ಲಿ ಮಗ್ಗವಿಲ್ಲವೆಂದಲ್ಲ. ಏಪಿಕೋಪ್ಲಾಸ್ಟ್ ಎಂಬುದೊಂದಿದೆ: ಯಾವುದೋ ಕಾಲದಲ್ಲಿ ಇದರ ಪೂರ್ವಿಕರು ನುಂಗಿ, ಅರಗಿಸಿಕೊಳ್ಳದೆ ಉಳಿಸಿಕೊಂಡ ಕೆಂಪು ಪಾಚಿಯ ಅವಶೇಷ. ನಾಲ್ಕು ಪೊರೆ ಹೊದ್ದು ಕತ್ತಲಲ್ಲಿ ಕೂತು ಕೊಬ್ಬಿನ ಆಮ್ಲ ನೇಯುತ್ತದೆ.

ಸಾಬೂನು, ಟೂತ್‌ಪೇಸ್ಟ್‌ಗೆ ಹಾಕುತ್ತಿದ್ದ ಟ್ರೈಕ್ಲೋಸಾನ್ ಈ ಮಗ್ಗಕ್ಕೆ ಅಡ್ಡಗಾಲು ಹಾಕಿ ಪರಾವಲಂಬಿಯನ್ನು ಕೊಲ್ಲುತ್ತದೆ ಎಂದು 2001ರಲ್ಲಿ ಹೇಳಿದವರು ನಮ್ಮ ಬೆಂಗಳೂರಿನವರೇ, ನಮಿತಾ ಸುರೋಲಿಯಾ ಮತ್ತು ಅವಧೇಶ ಸುರೋಲಿಯಾ. ಇದನ್ನು ಕೇಳಿ ನನಗೆ ಉತ್ಸಾಹ ಉಕ್ಕಿತು. "ಪೇಸ್ಟನ್ನು ಉಗುಳದೆ ನುಂಗಿದರಾಯಿತು!" ಅಂದೆ. ಹುಡುಗಿ ನಕ್ಕಳು. 2008ರಲ್ಲಿ ಬೇರೆಯವರು ಮಗ್ಗದ ಜೀನನ್ನೇ ಕಿತ್ತುಹಾಕಿ ನೋಡಿದರೆ, ರಕ್ತದಲ್ಲಿ ಆಸಾಮಿ ಆರಾಮಾಗಿದ್ದನಂತೆ. ರಕ್ತಕ್ಕಿಳಿಯುವ ಮೊದಲು, ಪಿತ್ತಜನಕಾಂಗದಲ್ಲಿ ಒಂದು ಸಾವಿರಾರಾಗುವ ಕೊನೆಯ ಗಡಿಬಿಡಿಯಲ್ಲಿ ಮಾತ್ರ ಸ್ವಂತ ನೇಯ್ಗೆ ಬೇಕೇ ಬೇಕು. ನನಗೆ ನಿರಾಸೆ, ಅವಳ ಮುಖದಲ್ಲಿ ಬೆಳಕು. ಸಂಶೋಧಕರ ಸಂತೋಷಗಳು ನಮ್ಮಂಥವರಿಗೆ ಅರ್ಥವಾಗುವುದು ಕಷ್ಟ.

ಅವಳ ವಿದ್ಯೆಯನ್ನು ಮನೆಯಲ್ಲಿ ಚೆನ್ನಾಗಿ ಅರಿತವರೆಂದರೆ ನಮ್ಮಮ್ಮ. ಎಂಬತ್ತು ದಾಟಿದೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಹುಡುಗಿಯಾಗಿದ್ದಾಗ ಕಂಬಳಿಯ ಮೇಲೆ ಕಂಬಳಿ ಹೊದ್ದು ನಡುಗಿದವರು. "ದಿನ ಬಿಟ್ಟು ದಿನ, ಮಧ್ಯಾಹ್ನ ದನಕ್ಕೆ ನೀರು ಕುಡಿಸೋ ಹೊತ್ತಿಗೆ ಸರಿಯಾಗಿ ಚಳಿ ಬರ್ತಿತ್ತು" ಅನ್ನುತ್ತಾರೆ. 48 ಗಂಟೆಯ ಲೆಕ್ಕ ಅವರಿಗೆ ಹೊಸದಲ್ಲ.

ಕಳೆದ ವಾರ ಮೊಮ್ಮಗಳ ಅನ್ನಕ್ಕೆ ತುಪ್ಪ ಬಡಿಸುತ್ತ ಕೇಳಿದರು: "ಅವಕ್ಕೆ ಜಿಡ್ಡು ಬೇಕು ಅಂತೀಯಲ್ಲ, ಏನು ಹಾಕ್ತೀಯೆ?"

ಹಾಕುವುದು ದನದ ರಕ್ತದಿಂದ ತೆಗೆದ, ಕೊಬ್ಬು ಅಂಟಿಕೊಂಡ ಆಲ್ಬುಮಿನ್ ಪುಡಿ. ಇದು ನನಗೆ ಗೊತ್ತಿತ್ತು. ಹುಡುಗಿ ಒಮ್ಮೆ ನನ್ನತ್ತ ನೋಡಿದಳು.

"ಹಸುವಿನದೇ, ಅಜ್ಜಿ."

"ಹಂಗಾದ್ರೆ ಸರಿ" ಎಂದು ಅಮ್ಮ ಇನ್ನೊಂದು ಮಿಳ್ಳೆ ತುಪ್ಪ ಸುರಿದರು. ನಾನು ಉಪ್ಪಿನಕಾಯಿ ಕಡೆ ತಿರುಗಿದೆ.